ಬೆನ್ನು ತಿರುಗಿಸಿ ಆಡಿದ ಮಾತು

ಇನ್ನು ಮಾಸ್ಕ್ ಕಡ್ಡಾಯವಲ್ಲ ಎಂಬ ಸುದ್ದಿ ಬಂದಾಗ ಶರ್ಟ್ ಕಾರ್ಖಾನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಕಾಲರಿನವಳು. ಕಾಲರ್ ಹೊಲಿಯುವುದು ಅವಳ ಕೆಲಸ. ಹೆಸರು ಹಿಡಿದು ಕೂಗಿದರೆ ಕೇಳುವವಳಲ್ಲವಾದ್ದರಿಂದ ಕೆಲಸದ ಹೆಸರೇ ಅವಳಿಗೆ ಅಂಟಿಕೊಂಡಿತ್ತು. ಚಿಕ್ಕಂದಿನಲ್ಲಿ ಬಂದ ಒಂದು ಹಾಳು ಜ್ವರ ಎರಡೂ ಕಿವಿಗಳನ್ನು ಕಿತ್ತುಕೊಂಡು ಹೋಗಿತ್ತು. ಅಂದಿನಿಂದ ಅವಳಿಗೆ ಕಣ್ಣೇ ಕಿವಿ; ಎದುರಿನವರ ತುಟಿ ಕಂಡರೆ ಸಾಕು, ಮಾತು ಸಿಕ್ಕಿಬಿಡುತ್ತಿತ್ತು.

ಆ ವಿದ್ಯೆ ಕಲಿಸಿದವಳು ಅಕ್ಕ. ತಾಯಿಯಿಲ್ಲದ ಮನೆಯಲ್ಲಿ, ತಾನೇ ಇನ್ನೂ ಲಂಗ ತೊಡುವ ವಯಸ್ಸಿನ ಅಕ್ಕ, ತಂಗಿಯನ್ನು ಎದುರಿಗೆ ಕೂರಿಸಿಕೊಂಡು ಬಾಯಿ ಅಗಲಿಸಿ ಒಂದೊಂದೇ ಮಾತು ಹೇಳಿಕೊಟ್ಟಳು. ಪ, ಬ, ಮ ಮೂರೂ ತುಟಿಯಲ್ಲಿ ಒಂದೇ ಥರ ಕಂಡು ತಂಗಿ ಅತ್ತರೆ, "ಬರೀ ತುಟಿ ನೋಡ್ಬೇಡ ಪುಟ್ಟಿ, ಇಡೀ ಮುಖ ನೋಡು" ಎನ್ನುತ್ತಿದ್ದಳು.

ಮಹಾಮಾರಿ ಬಂದು ಊರಿಗೆ ಊರೇ ಬಾಯಿಗೆ ಬಟ್ಟೆ ಕಟ್ಟಿಕೊಂಡಾಗ ಉಳಿದವರಿಗೆ ಉಸಿರು ಕಟ್ಟಿತು, ಇವಳಿಗೆ ಜಗತ್ತೇ ಮೂಕವಾಯಿತು. ಮೇಸ್ತ್ರಿ ಹೇಳಬೇಕಾದ್ದನ್ನು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದ. ಜೊತೆಯ ಹೆಂಗಸರು ಮೊದಮೊದಲು ಮಾಸ್ಕ್ ಸರಿಸಿ ಮಾತಾಡಿಸಿದರು, ಬರಬರುತ್ತಾ ಬೇಸತ್ತು ಬಿಟ್ಟರು. ಕೊನೆಗೆ ಅವಳೆದುರು ಏನು ಬೇಕಾದರೂ ಆಡಬಹುದು ಎಂಬುದು ಎಲ್ಲರಿಗೂ ರೂಢಿಯಾಗಿಹೋಯಿತು. ಈಗ ಬಟ್ಟೆ ಕಳಚಿತು, ರೂಢಿ ಕಳಚಲಿಲ್ಲ.

ಮಾಸ್ಕ್ ಕಳಚಿದ ಮೊದಲ ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವಳು ಊಟದ ಡಬ್ಬಿ ತೆರೆದು ಕೂತಳೇ ಹೊರತು ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಎಷ್ಟೊಂದು ಬಾಯಿಗಳು! ಮೇಸ್ತ್ರಿಗೆ ಮೀಸೆ ಬಂದಿತ್ತು. ಇಸ್ತ್ರಿಯವಳು ಮುಂದಿನ ಹಲ್ಲು ಕಟ್ಟಿಸಿಕೊಂಡಿದ್ದಳು. ಒಬ್ಬಳು ಅತ್ತೆಯನ್ನು ಬಯ್ಯುತ್ತಿದ್ದಳು, ಇನ್ನೊಬ್ಬಳು ಅದೇ ಅತ್ತೆಯ ಪರ ವಹಿಸುತ್ತಿದ್ದಳು. ಬರಗೆಟ್ಟವಳಂತೆ ಒಂದೊಂದೇ ಬಾಯಿ ನೋಡುತ್ತಾ ಬಂದ ಅವಳ ಕಣ್ಣು, ಎದುರು ಮೇಜಿನ ಕಾಜಾದವಳ ಮೇಲೆ ನಿಂತಿತು. ಗುಂಡಿಗೆ ಕಾಜಾ ಹೊಲಿಯುವ ಆಕೆಗೆ ಬಾಯಿ ಅಂದರೆ ಬೊಂಬಾಯಿ.

"ಪಾಪ, ಕಾಲರಿನವಳು ಭಾನುವಾರ ಊರಿಗೆ ಹೋಗ್ತಾಳಂತೆ. ಅಕ್ಕನ್ನ ನೋಡೋಕೆ."

"ಅಯ್ಯೋ, ಅಲ್ಲಿ ಯಾರಿದಾರೆ ಅಂತ?" ಇಸ್ತ್ರಿಯವಳು ಹುಬ್ಬೇರಿಸಿದಳು.

"ಅದೇ ಮತ್ತೆ. ಅಕ್ಕ ಕೊರೊನಾದಲ್ಲಿ ಸತ್ತು ವರ್ಷ ಆಗ್ತಾ ಬಂತು. ಇವಳೂ ಅದೇ ಬಂದು ಆಸ್ಪತ್ರೆಲಿದ್ಳಲ್ಲ, ಆವಾಗ್ಲೇ. ಇವಳ ಗಂಡ ಇಲ್ಲಿಗೂ ಬಂದು, ಯಾರೂ ಹೇಳ್ಬೇಡಿ ಅಂತ ಕೈ ಮುಗಿದಿದ್ನಲ್ಲ."

"ಮೆಲ್ಲಗೆ ಮಾತಾಡೆ."

"ಅವಳಿಗೇನು ಕೇಳ್ಸುತ್ತಾ?"

ಕಾಲರಿನವಳ ಕೈಯಲ್ಲಿದ್ದ ತುತ್ತು ಡಬ್ಬಿಗೇ ಬಿತ್ತು. ನಿಂತ ನೆಲ ಕುಸಿಯುತ್ತದೆ ಎನ್ನುತ್ತಾರಲ್ಲ, ಅದು ಸುಳ್ಳು. ನೆಲ ಇದ್ದಲ್ಲೇ ಇತ್ತು, ಮೇಜೂ ಇತ್ತು, ಕಾಜಾದವಳು ಉಪ್ಪು ಕೇಳಿ ಕೈ ಚಾಚಿದ್ದೂ ಕಂಡಿತು.

ಛೇ, ಇಷ್ಟು ದಿನ ಅಭ್ಯಾಸ ತಪ್ಪಿದ ಕಣ್ಣು, ಏನನ್ನೋ ಏನೋ ಎಂದು ಓದಿರಬೇಕು. ಮೊನ್ನೆ ತಾನೇ ಅಕ್ಕ ಮೆಸೇಜ್ ಮಾಡಿದ್ದಾಳೆ. ಫೋನ್ ತೆಗೆದು ಒತ್ತಿದಳು: "ಅಕ್ಕಾ, ಊಟ ಆಯ್ತಾ?"

ಡಬ್ಬಿ ಮುಚ್ಚುವಷ್ಟರಲ್ಲಿ ಉತ್ತರ ಬಂತು. "ಆಯ್ತು ಪುಟ್ಟಿ. ನಿಂದು?"

ಹೋದ ಜೀವ ಬಂದಂತಾಯಿತು. ಸತ್ತವರು ಊಟ ಮಾಡುತ್ತಾರೆಯೇ! ಎದ್ದು ಹೋಗಿ ಕಾಜಾದವಳ ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸಿತು. ಹಾಗೆಂದು ಎದ್ದವಳು ಮತ್ತೆ ಕೂತಳು. ಆ ಹೆಂಗಸು ನಗುತ್ತಾ ಹೇಳಿರಲಿಲ್ಲ. ಇಡೀ ಮುಖ ನೋಡಿದ್ದಳಲ್ಲ ಇವಳು. ಆ ಮುಖದಲ್ಲಿ ಇದ್ದದ್ದು ಕನಿಕರ.

ತಲೆನೋವೆಂದು ಮೇಸ್ತ್ರಿಗೆ ಹೇಳಿ ಮನೆಗೆ ಹೊರಟಳು. ದಾರಿಯ ತುಂಬ ಬಾಗಿಲು ತೆರೆದ ಅಂಗಡಿಗಳು, ಶಾಲೆ ಬಿಟ್ಟ ಮಕ್ಕಳು, ನಗುವ ಬಾಯಿಗಳು. ಬೆಳಗ್ಗೆ ಕಣ್ಣು ತುಂಬ ನೋಡಿದ್ದ ಅದೇ ಬೀದಿಯನ್ನು ಈಗ ತಲೆಯೆತ್ತಿ ನೋಡಲು ಹೆದರಿಕೆಯಾಯಿತು. ಯಾವ ಬಾಯಲ್ಲಿ ಇನ್ನೇನು ಕಾದಿದೆಯೋ.

ಮನೆಯ ಮುಂದಿನ ಕೋಣೆಯೇ ಗಂಡನ ಅಂಗಡಿ. ಫ್ಯಾನು, ಮಿಕ್ಸಿ ರಿಪೇರಿ ಅವನ ಕಸುಬು. ಬಾಗಿಲು ಮುಂದೆಳೆದು, ಬೇರಿಂಗ್ ತರಲು ಪೇಟೆಗೆ ಹೋಗಿದ್ದ. ಎಂಥ ಗಂಡ ಎಂದರೆ, ಎಷ್ಟೇ ಅವಸರವಿದ್ದರೂ ಅವಳ ಎದುರಿಗೆ ಬಂದು, ಬೆಳಕಿಗೆ ಮುಖ ಕೊಟ್ಟು ಮಾತಾಡುವವನು. ಅಕ್ಕನ ವಿಷಯ ಕೇಳಿದಾಗ ಮಾತ್ರ ಬೆನ್ನು ತಿರುಗಿಸಿ, ಫ್ಯಾನಿನೊಳಗೆ ತಲೆ ತೂರಿಸಿ, ಚೆನ್ನಾಗಿದ್ದಾಳೆ ಎಂದು ಕೈಸನ್ನೆ ಮಾಡುತ್ತಿದ್ದ. ಕೆಲಸದ ಗಡಿಬಿಡಿ ಎಂದುಕೊಂಡಿದ್ದಳು. ಅಕ್ಕನ ಫೋನಿನ ಕ್ಯಾಮೆರಾ ಕೆಟ್ಟಿದೆ, ವಿಡಿಯೋ ಕಾಲ್ ಆಗಲ್ಲ ಅಂದಿದ್ದ. ಅದನ್ನೂ ನಂಬಿದ್ದಳು.

ಅವನ ಮೇಜಿನ ಮೇಲೆ ಅಂಗೈ ಊರಿ ನಿಂತಳು. ಯಾವ ಮೋಟರು ಹೇಗೆ ತಿರುಗುತ್ತಿದೆ ಎಂದು ಆ ಹಲಗೆ ಮುಟ್ಟಿಯೇ ಹೇಳುವವಳು ಅವಳು. ಈಗ ಹಲಗೆ ತಣ್ಣಗಿತ್ತು. ಇನ್ನೊಂದು ಕೈಯಲ್ಲಿ ಮತ್ತೆ ಒತ್ತಿದಳು: "ಅಕ್ಕಾ, ಎಲ್ಲಿದೀಯಾ?"

ಅಂಗೈಯ ಕೆಳಗೆ ಮೇಜು ಜುಮ್ಮೆಂದು ನಡುಗಿತು.

ಕೆಂಡ ಮುಟ್ಟಿದವಳಂತೆ ಕೈ ಕಿತ್ತುಕೊಂಡಳು. ನಂಬಲಾಗದೆ ಮತ್ತೆ ಕೈಯಿಟ್ಟು ಮತ್ತೊಂದು ಕಳಿಸಿದಳು, "ಅಕ್ಕಾ" ಎಂದಷ್ಟೇ. ಮೇಜು ಮತ್ತೆ ನಡುಗಿತು. ಡ್ರಾಯರ್ ಎಳೆದಳು. ಸ್ಕ್ರೂಗಳ ಡಬ್ಬಿಯ ಹಿಂದೆ, ಮೂಲೆ ಒಡೆದ ಹಸಿರು ಕವಚದ ಅಕ್ಕನ ಫೋನು. ತೆರೆಯ ಮೇಲೆ ಇವಳ ಪ್ರಶ್ನೆಗಳು ಸಾಲಾಗಿ ನಿಂತಿದ್ದವು.

ಗಂಡ ಬಾಗಿಲಿಗೆ ಬಂದದ್ದು ನೆಲ ಅದುರಿದ್ದರಿಂದ ತಿಳಿಯಿತು. ಅವಳ ಕೈಯಲ್ಲಿದ್ದದ್ದನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು. ಈ ಸಲ ಬೆನ್ನು ತಿರುಗಿಸಲಿಲ್ಲ. ಎದುರಿಗೆ ಸ್ಟೂಲೆಳೆದು ಕೂತ.

"ನೀನು ಆಸ್ಪತ್ರೆಲಿದ್ದೆ. ಈಗ ಹೇಳ್ಬೇಡಿ ಅಂದ್ರು ಡಾಕ್ಟರು. ಎಲ್ಲಾ ಮುಗಿದ ಮೇಲೆ ನಿಮ್ಮ ಭಾವ ಬಂದು ಇದನ್ನ ನಿನಗೆ ಕೊಡು ಅಂತ ಕೊಟ್ಟು ಹೋದ್ರು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತಿರುವಾಗ್ಲೇ, ಅಕ್ಕಾ ಊಟ ಆಯ್ತಾ ಅಂತ ನಿನ್ನ ಮೆಸೇಜ್ ಬಂತು. ಕೈ ತಾನಾಗೇ ಆಯ್ತು ಅಂತ ಒತ್ತಿಬಿಡ್ತು. ಆಮೇಲೆ ಒಂದು ಸುಳ್ಳಿಗೆ ಹತ್ತು ಸುಳ್ಳು. ಭಾನುವಾರದೊಳಗೆ ಹೇಳಲೇಬೇಕಿತ್ತು."

"ನಂಗ್ಯಾಕೆ ಕೊಡು ಅಂದ್ರು ಭಾವ?" ಅವಳ ದನಿ ಎಷ್ಟು ಎತ್ತರಕ್ಕೆ ಹೋಯಿತೆಂದು ಅವಳಿಗೆ ತಿಳಿಯಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

"ಅದರಲ್ಲೊಂದು ವಿಡಿಯೋ ಇದೆ. ಕೊನೇ ದಿನದ್ದು, ನರ್ಸ್ ತೆಗೆದಿದ್ದು. ಅಕ್ಕ ಏನೋ ಹೇಳ್ತಾರೆ, ದನಿ ಇಲ್ಲ. ಭಾವನಿಗೂ ತಿಳೀಲಿಲ್ಲ, ನಂಗೂ ತಿಳೀಲಿಲ್ಲ. ನಿಂಗೆ ತಿಳಿಯುತ್ತೆ ಅಂತ ಗೊತ್ತು. ಅದಕ್ಕೇ ತೋರ್ಸೋಕೆ ಭಯ ಆಯ್ತು."

ಅವಳು ವಿಡಿಯೋ ಒತ್ತಿದಳು. ದಿಂಬು, ಬಿಳಿಯ ಗೋಡೆ, ಅಕ್ಕ. ಬಾಯಿಯ ಮೇಲೆ ಆಮ್ಲಜನಕದ ಪಾರದರ್ಶಕ ಮಾಸ್ಕ್. ಉಸಿರು ಬಿಟ್ಟಾಗ ಮಂಜು ಕಟ್ಟುತ್ತಿತ್ತು, ಎಳೆದುಕೊಂಡಾಗ ತಿಳಿಯಾಗುತ್ತಿತ್ತು. ಆ ತಿಳಿಯಾದ ಕ್ಷಣಗಳಲ್ಲಿ ಅಕ್ಕ ಚಿಕ್ಕ ತಂಗಿಗೆ ಕಲಿಸುತ್ತಿದ್ದಂತೆಯೇ ಬಾಯಿ ಅಗಲಿಸಿ ಒಂದೊಂದೇ ಮಾತು ಆಡುತ್ತಿದ್ದಳು. ದನಿ ಹೋದರೂ ತುಟಿ ಇದೆಯಲ್ಲ, ಯಾರಿಗಾದರೂ ತಿಳಿದೀತು ಎಂದು ಆ ಮುಗ್ಧೆ ನಂಬಿದ್ದಳು.

"ಪುಟ್ಟಿಗೆ ಹೇಳಿ. ಪುಟ್ಟೀನ ತೋರ್ಸಿ. ಫೋನಲ್ಲಾದ್ರೂ ತೋರ್ಸಿ."

ಮಂಜು ಕಟ್ಟಿತು, ತಿಳಿಯಾಯಿತು. "ಪುಟ್ಟಿಗೆ ಹೇಳಿ."

ಅಷ್ಟು ಜನ ಕಿವಿಯಿದ್ದವರು ಸುತ್ತ ನಿಂತಿದ್ದರು, ಒಬ್ಬರಿಗೂ ಕೇಳಿಸಲಿಲ್ಲ. ಫೋನನ್ನು ಗಂಡನ ಮುಖಕ್ಕೆ ಎಸೆಯಬೇಕೆಂದು ಕೈ ಎತ್ತಿದಳು.

"ಏನಂತಾರೆ?" ಎಂದ ಅವನು.

ಎತ್ತಿದ ಕೈ ಹಾಗೇ ನಿಂತಿತು. ಇಡೀ ಮುಖ ನೋಡಿದಳು. ಕಣ್ಣ ಕೆಳಗೆ ಕಪ್ಪಾಗಿತ್ತು, ಗದ್ದ ನಡುಗುತ್ತಿತ್ತು. ದಿನಾ ಸತ್ತವಳಾಗಿ ಊಟ ಮಾಡಿ, ಸತ್ತವಳಾಗಿ ಮಲಗಿ, ತಂಗಿಯ ಯೋಗಕ್ಷೇಮ ಕೇಳಿದ ಮನುಷ್ಯ. ಇನ್ನೊಂದು ಮಾತು ಬಿದ್ದರೆ ಇವನು ಉಳಿಯುವುದಿಲ್ಲ ಅನ್ನಿಸಿತು.

ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಕಿಟಕಿಗೆ ಹೋದಳು. ಅವನಿಗೆ ಬೆನ್ನು ತಿರುಗಿಸಿ ನಿಂತಳು.

"ಈಗ್ಲೇ ಪುಟ್ಟಿಗೆ ಹೇಳ್ಬೇಡಿ, ಮೊದ್ಲು ಹುಷಾರಾಗ್ಲಿ, ಅಂತಾಳೆ."

ಹಿಂದೆ ಸ್ಟೂಲು ಜರುಗಿದ್ದು ನೆಲದಿಂದ ಪಾದಕ್ಕೆ ತಿಳಿಯಿತು. ಅವನು ಅತ್ತನೋ, ಏನಾದರೂ ಅಂದನೋ, ಅವಳಿಗೆ ಕೇಳಿಸಲಿಲ್ಲ. ಅವಳು ತಿರುಗಿ ನೋಡಲೂ ಇಲ್ಲ.