ಟೈಲರಮ್ಮನ ಒಂದು ದಿನ

ಟೈಲರಮ್ಮನನ್ನು ದಾರಿಯಲ್ಲಿ ಕಂಡವರೆಲ್ಲ ಒಂದೇ ಮಾತು ಹೇಳುತ್ತಿದ್ದರು: “ಸದ್ಯ, ಏನೂ ಆಗಿಲ್ಲ. ಮೊದಲಿನ ಹಾಗೇ ಇದ್ದೀರಿ!”

ವರ್ಷದ ಹಿಂದೆ ಅಂಗಡಿಯೊಂದರ ಕಬ್ಬಿಣದ ಬೋರ್ಡು ಕಳಚಿ, ಕೆಳಗೆ ನಡೆದು ಹೋಗುತ್ತಿದ್ದ ಆಕೆಯ ತಲೆಯ ಮೇಲೆ ಬಿದ್ದಿತ್ತು. ಗಾಯ ಮಾಯಿತು, ಗುರುತನ್ನು ಕೂದಲು ಮುಚ್ಚಿತು. ಒಳಗೆ ಆದ ಪೆಟ್ಟು ಯಾರ ಕಣ್ಣಿಗೂ ಬೀಳಲಿಲ್ಲ. ಅಂಗಡಿಯವನ ಮೇಲೆ ಹಾಕಿದ ಪರಿಹಾರದ ಕೇಸಿನಲ್ಲೂ ಅದೇ ತೊಡಕು. “ನಡೀತಾರೆ, ಮಾತಾಡ್ತಾರೆ. ಇನ್ನೇನು ತೊಂದರೆ?” ಎಂದು ಅಂಗಡಿಯವನ ವಕೀಲರು ಕೋರ್ಟಿನಲ್ಲಿ ಕೇಳಿದ್ದರು.

ಕೋರ್ಟಿನಿಂದ ಬಂದ ಆ ಸಂಜೆ ಪಕ್ಕದ ಬೀದಿಯ ನರ್ಸಕ್ಕ ಬಂದಾಗ ಟೈಲರಮ್ಮನ ಗಂಡ ತಲೆ ಮೇಲೆ ಕೈಹೊತ್ತು ಕೂತಿದ್ದ. ಅವನು ಬಡಗಿ. ಗಾಯಕ್ಕೆ ಮೊದಲಿಂದಲೂ ಪಟ್ಟಿ ಕಟ್ಟಿದವಳು ಈ ನರ್ಸಕ್ಕನೇ.

“ಅಣ್ಣ, ಅತ್ತಿಗೆ ಮನೇಲಿ ಒಂದು ದಿನ ಹೇಗೆ ಕಳೀತಾರೆ ಅಂತ ವಿಡಿಯೋ ಮಾಡಿ. ನಿಮ್ಮ ವಕೀಲರನ್ನ ಮೊದ್ಲು ಕೇಳಿ. ಏನು ಪೆಟ್ಟಾಗಿದೆ ಅಂತ ಡಾಕ್ಟರ ಕಾಗದ ಹೇಳುತ್ತೆ. ಬದುಕು ಏನಾಗಿದೆ ಅಂತ ವಿಡಿಯೋ ತೋರಿಸುತ್ತೆ.”

ಬಡಗಿಗೆ ಸಿಟ್ಟು ಬಂತು. “ಹೆಂಡತಿ ಒದ್ದಾಡೋದನ್ನ ಸಿನಿಮಾ ಮಾಡ್ಲಾ? ಮನೆ ಮರ್ಯಾದೆ ಬೀದಿಗೆ ಹಾಕ್ಲಾ?”

“ಬೀದಿಗಲ್ಲಣ್ಣ, ಕೋರ್ಟಿಗೆ. ಮೊಬೈಲಲ್ಲಿ ನಾಲ್ಕು ಜನಕ್ಕೆ ಕಳಿಸೋದಲ್ಲ. ಅತ್ತಿಗೇನ ಕೇಳಿ. ಅವರು ಬೇಡ ಅಂದ್ರೆ ಬೇಡ.”

ಕಿಟಕಿಯ ಹತ್ತಿರ ಕೂತಿದ್ದ ಟೈಲರಮ್ಮ ಮಡಿಸಿದ ಟವೆಲನ್ನೇ ಮತ್ತೆ ಬಿಡಿಸಿ ಮಡಿಸುತ್ತಿದ್ದಳು. “ಮಾಡಿ,” ಎಂದಳು. “ನಾನು ಸೋಗು ಹಾಕ್ತೀನಿ ಅಂದ್ಕೊಂಡಿದ್ದಾರೆ. ಹೇಳೋಣ ಅಂದ್ರೆ... ಮಾತು... ಸಿಗಲ್ಲ.”

ವಕೀಲರೂ ಒಪ್ಪಿದರು. ಭಾನುವಾರ ಬೆಳಿಗ್ಗೆ ನರ್ಸಕ್ಕನೂ ಬಂದಳು, ಬಡಗಿ ಮೊಬೈಲು ಹಿಡಿದ. ಟೈಲರಮ್ಮ ಹಾಲು ಒಲೆಗಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತಳು. ಹಿಂದೆ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುತ್ತಿದ್ದವಳು, ಈಗ ಅಂಗಿಯ ತೋಳನ್ನು ಕುತ್ತಿಗೆಗೆ ಹೊಲಿದಳು. ಬಿಚ್ಚಿದಳು. ಮತ್ತೆ ಅಲ್ಲಿಗೇ ಹೊಲಿದಳು. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು.

“ವಿಡಿಯೋದಲ್ಲಿ ಸರಿಯಾಗಿ ಬೀಳ್ಲಿಲ್ಲ. ಇನ್ನೊಂದ್ಸಲ ತಲೆ ಹಿಡ್ಕೋ,” ಎಂದ ಬಡಗಿ.

“ಅದು ಮಾತ್ರ ಬೇಡ!” ನರ್ಸಕ್ಕ ತಡೆದಳು. “ಒಂದು ನಾಟಕ ಸಿಕ್ಕಿಬಿದ್ರೆ ನೂರು ನಿಜಾನೂ ಸುಳ್ಳಾಗುತ್ತೆ. ಅವರು ಚೆನ್ನಾಗಿ ಮಾಡಿದ ಕೆಲಸಾನೂ ಇರ್ಲಿ, ನಕ್ಕಿದ್ದೂ ಇರ್ಲಿ. ಏನನ್ನೂ ಕತ್ತರಿಸ್ಬೇಡಿ.”

ಅಷ್ಟರಲ್ಲಿ ಸೀದ ವಾಸನೆ ಬಂತು. ಹಾಲುಕ್ಕಿ ಒಲೆ ಆರಿ, ಗ್ಯಾಸು ಸೋರುತ್ತಿತ್ತು. ಬಡಗಿ ಮೊಬೈಲು ಬಿಸಾಡಿ ಓಡಿದ. ಟೈಲರಮ್ಮ ತಲೆ ಎತ್ತಿ ಕೇಳಿದಳು: “ಹಾಲು ಯಾರಿಟ್ರು?”

ಬಡಗಿ ಗ್ಯಾಸು ನಿಲ್ಲಿಸಿ ಅಡುಗೆಮನೆಯ ಕಿಟಕಿ ತೆರೆದ. ಆಮೇಲೆ ಬಂದು ನೆಲದ ಮೇಲಿದ್ದ ಮೊಬೈಲು ಎತ್ತಿಕೊಂಡು, “ಸಂಜೆವರೆಗೂ ತೆಗೀತೀನಿ,” ಎಂದ.

ಕೋರ್ಟಿನಲ್ಲಿ ಡಾಕ್ಟರು ತಲೆಯ ಪೆಟ್ಟಿನ ಬಗ್ಗೆ ಹೇಳಿದ ಮೇಲೆ ವಿಡಿಯೋ ಹಾಕಿದರು. ಅಂಗಡಿಯವನ ವಕೀಲರು ಬಡಗಿಯನ್ನು ಗಂಟೆಗಟ್ಟಲೆ ಪ್ರಶ್ನೆ ಕೇಳಿ ಜಾಡಿಸಿದರು. ವಿಡಿಯೋದಲ್ಲಿ ಹೇಳಿಕೊಟ್ಟು ಮಾಡಿಸಿದ್ದು ಏನೂ ಇರಲಿಲ್ಲ, ಹಾಗಾಗಿ ಸಿಕ್ಕಿಬೀಳುವುದೂ ಇರಲಿಲ್ಲ. ತೀರ್ಪು ಟೈಲರಮ್ಮನ ಕಡೆಗಾಯಿತು. ಸಿಕ್ಕ ಪರಿಹಾರದ ಹಣದಿಂದ ಚಿಕಿತ್ಸೆಗೂ, ಹಗಲು ಆಕೆಯ ಜೊತೆಗಿರಲು ಒಬ್ಬರನ್ನು ಇಡುವುದಕ್ಕೂ ದಾರಿಯಾಯಿತು. ಕಸುಬು ಮಾತ್ರ ಕೈಗೆ ವಾಪಸ್ಸು ಬರಲಿಲ್ಲ.

ವಿಡಿಯೋ ಹಾಕಿದ ದಿನ ಟೈಲರಮ್ಮ ತನ್ನನ್ನು ತಾನು ಮೊದಲ ಸಲ ನೋಡಿದ್ದಳು. ಗಂಡನ ತೋಳು ಹಿಡಿದು ಮೆಲ್ಲಗೆ ಕೇಳಿದ್ದಳು: “ರೀ, ನಾನು ದಿನಾ ಹೀಗೇ ಇರ್ತೀನಾ? ನನಗ್ಯಾಕೆ ಹೇಳ್ಲಿಲ್ಲ?”

ಬಡಗಿ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡ.

ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಬೇರೆಯವರ ತಪ್ಪಿನಿಂದ ಪೆಟ್ಟಾಗಿದ್ದರೆ ಸುಮ್ಮನೆ ಕೂರಬೇಡಿ. ಬೇಗ ವಕೀಲರನ್ನು ಕಾಣಿ. ಆಸ್ಪತ್ರೆಯ ಕಾಗದ ಜೋಪಾನ ಮಾಡಿ. ಪೆಟ್ಟಾದವರ ಒಪ್ಪಿಗೆ ಪಡೆದು, ಅವರ ದಿನವನ್ನು ಇದ್ದದ್ದು ಇದ್ದ ಹಾಗೇ ವಿಡಿಯೋ ಮಾಡಿ. ಅಪಾಯ ಕಂಡರೆ ಮೊಬೈಲು ಬಿಟ್ಟು ಮೊದಲು ಅವರನ್ನು ಹಿಡಿಯಿರಿ. ತೆಗೆದ ಮೊಬೈಲಿನಿಂದ ವಿಡಿಯೋ ಅಳಿಸಬೇಡಿ, ಯಾರಿಗೂ ಹಂಚಬೇಡಿ. ನೀವು ದಿನಾ ನೋಡುವ ಕಷ್ಟವನ್ನು ತೀರ್ಪು ಕೊಡುವವರು ಒಂದು ದಿನವಾದರೂ ನೋಡಲಿ.