ಟಕರ್ ಹೇಲ್‌ಗೆ ಐದು ಅಂಕ

ಆ ವರ್ಷ ಮೂವತ್ತೊಂದು ತಾಯಂದಿರು ಸತ್ತಿದ್ದರು. ಮೆರ್ಲ್ ಕುಚೆರಾ ಒಬ್ಬೊಬ್ಬರಿಗೂ ಪೆನ್ಸಿಲ್ಲಿನಲ್ಲಿ ಒಂದೊಂದು ಗೀಟು ಹಾಕಿ ಎಣಿಸಿದ್ದ. ಹದಿನಾಲ್ಕು ಜನಕ್ಕೆ ಕ್ಯಾನ್ಸರ್, ಒಂಬತ್ತು ಜನಕ್ಕೆ ಕಾರು ಅಪಘಾತ, ಐವರು ಹೆರಿಗೆಯಲ್ಲಿ, ಇಬ್ಬರು ಸುಂಟರಗಾಳಿಯಲ್ಲಿ. ಉಳಿದ ಒಬ್ಬಳಂತೂ ಮಗ ಎಸೆದ ಚೆಂಡು ತಲೆಗೆ ಬಡಿದು ಸತ್ತಿದ್ದಳು. ಅದನ್ನು ಓದಿದ ಮೆರ್ಲ್ "ಥೂ, ನಿಮ್ಮ ಮುಖಕ್ಕಿಷ್ಟು" ಎಂದು ಅಡುಗೆಮನೆಯ ಮೇಜಿನ ಮುಂದೆ ಒಬ್ಬನೇ ಕೂತು ಬೈದ.

ಈ ತಾಯಂದಿರು ಯಾರೂ ಹುಟ್ಟಿದವರಲ್ಲ, ಅವರ ಮಕ್ಕಳೂ ಹುಟ್ಟಿದವರಲ್ಲ. ನೆಬ್ರಾಸ್ಕಾದ ಸುತ್ತಮುತ್ತಲಿನ ಹದಿನಾರು ಜನ, ಎಲ್ಲರೂ ತಲೆ ನರೆತವರು, ಕಂಪ್ಯೂಟರಿನೊಳಗೆ ಒಂದು ಕಾಲೇಜು ಫುಟ್‌ಬಾಲ್ ಲೀಗ್ ಕಟ್ಟಿಕೊಂಡಿದ್ದರು. ಒಬ್ಬೊಬ್ಬರಿಗೂ ಒಂದು ಇಲ್ಲದ ಕಾಲೇಜು, ಒಂದು ಇಲ್ಲದ ತಂಡ. ಶನಿವಾರ ಕಂಪ್ಯೂಟರ್ ತನ್ನಷ್ಟಕ್ಕೆ ಆಡುತ್ತಿತ್ತು, ಇವರು ಪರದೆ ನೋಡುತ್ತಾ ಕುರ್ಚಿ ತುದಿಯಲ್ಲಿ ಕೂತು ಬೆವರುತ್ತಿದ್ದರು. ಪ್ರತಿ ಆಗಸ್ಟ್‌ನಲ್ಲಿ ತಂಡಕ್ಕೆ ಮೂವರು ಹೊಸ ಹುಡುಗರು ಬರಬೇಕು, ಪ್ರತಿ ಹುಡುಗನಿಗೂ ಅವನ ಕೋಚ್ ಒಂದು ಪೂರ್ವಕಥೆ ಬರೆಯಬೇಕು. ಕಥೆಗೆ ಸೊನ್ನೆಯಿಂದ ಐದರವರೆಗೆ ಅಂಕ. ಆ ಅಂಕ ಹುಡುಗನ ಬಲಕ್ಕೆ ಸೇರುತ್ತಿತ್ತು. ಮೊದಲಿದ್ದ ತೀರ್ಪುಗಾರ ಬಹಳ ಮೆತ್ತಗಿನ ಮನುಷ್ಯ, ಕಣ್ಣೀರು ಬಂತೆಂದರೆ ಐದು ಕೊಟ್ಟುಬಿಡುತ್ತಿದ್ದ. ಹಾಗಾಗಿ ತಾಯಿ ಸತ್ತ ಹುಡುಗ ತಾಯಿ ಇದ್ದ ಹುಡುಗನಿಗಿಂತ ಜೋರಾಗಿ ಓಡುವುದು ಆ ಲೀಗಿನಲ್ಲಿ ವಾಡಿಕೆಯಾಗಿಹೋಗಿತ್ತು. ಗಂಡಸರು ನಾಚಿಕೆ ಮಾನ ಬಿಟ್ಟು ಹೆಂಗಸರನ್ನು ಕೊಲ್ಲುತ್ತಿದ್ದರು.

ಮೂರು ವರ್ಷದಿಂದ ತೀರ್ಪುಗಾರಿಕೆ ಮೆರ್ಲ್ ಕೈಗೆ ಬಂದಿತ್ತು. ಅವನು ಮೂವತ್ತು ವರ್ಷ ವಿಮಾ ಕಂಪನಿಯೊಂದಕ್ಕಾಗಿ ಆಲಿಕಲ್ಲಿನ ಹಾನಿ ನೋಡುತ್ತಾ ಜನರ ಮನೆಗಳ ಮಾಡು ಹತ್ತಿದವನು. ಪರಿಹಾರದ ಆಸೆಗೆ ತಮ್ಮ ಮಾಡನ್ನು ತಾವೇ ಸುತ್ತಿಗೆಯಿಂದ ಬಡಿದುಕೊಂಡವರನ್ನು ಎಷ್ಟೋ ಕಂಡಿದ್ದ. ಸುತ್ತಿಗೆಯ ಏಟು ಸಾಲಾಗಿ ಬೀಳುತ್ತದೆ, ಆಲಿಕಲ್ಲಿಗೆ ಸಾಲು ಗೊತ್ತಿಲ್ಲ. ಈ ಕಥೆಗಳೆಲ್ಲ ಅವನಿಗೆ ಸುತ್ತಿಗೆ ಏಟಿನ ಹಾಗೇ ಕಾಣುತ್ತಿದ್ದವು. ಅದಕ್ಕೇ ಈ ಸಲ ಜೂನ್‌ನಲ್ಲೇ ಎಲ್ಲರಿಗೂ ಸೂಚನೆ ಕಳಿಸಿದ್ದ: ಹಸಿ ಸುಳ್ಳಿಗೆ ಸೊನ್ನೆ, ನಿಮಗೆ ಗೊತ್ತಿರುವುದನ್ನು ಮಾತ್ರ ಬರೆಯಿರಿ. ಅದಾದ ಮೇಲೂ ಮೂವತ್ತೊಂದು.

ಕಥೆಗಳಿಗೆ ನಿಜವಾದ ಓದುಗಾರ್ತಿ ಒಬ್ಬಳೇ ಇದ್ದಳು, ಮೆರ್ಲ್‌ನ ಹೆಂಡತಿ ಆರ್ಲೀನ್. ಅವಳಿಗೆ ಆಟ ಬೇಡ. ಅಂಕ ಬಿದ್ದು ಕಥೆಗಳು ಪ್ರಕಟವಾದ ಭಾನುವಾರ ಚರ್ಚಿನಿಂದ ಬಂದು, ಗಸಗಸೆ ಹೂರಣದ ಎರಡು ಕೊಲಾಚೆ ಬನ್ನು ತಟ್ಟೆಗೆ ಹಾಕಿಕೊಂಡು ನಲವತ್ತೆಂಟನ್ನೂ ಓದಿ ಮುಗಿಸುತ್ತಿದ್ದಳು.

ನಲವತ್ತನಾಲ್ಕನೆಯದು ಲಾನಿ ವೋಬೋರಿಲ್‌ನದು. ಲಾನಿ ಎಂದರೆ ಎರಡು ಮನೆ ಆಚೆಯವನು, ಒಂದನೇ ಕ್ಲಾಸಿನಿಂದ ಗೆಳೆಯ, ನಾಲ್ಕು ವರ್ಷದಿಂದ ಲೀಗಿನಲ್ಲಿ ಕಟ್ಟಕಡೆಯವನು. ಅವನ ಹುಡುಗನ ಹೆಸರು ಟಕರ್ ಹೇಲ್, ಊರು ಕ್ಯಾನ್ಸಸ್. ಮೆರ್ಲ್ ಓದತೊಡಗಿದ.

ಟಕರ್‌ನ ಅಣ್ಣ ಹತ್ತೊಂಬತ್ತು ವರ್ಷದವನು, ಧಾನ್ಯದ ಗೋದಾಮಿನಲ್ಲಿ ಕೆಲಸ. ಒಂದು ದಿನ ಅವನಿಗೆ ಜ್ವರ. ತಾಯಿ "ಮಲಗಿರು" ಎಂದು ಹೇಳಿ ಶಾಲೆಯ ಅಡುಗೆ ಕೆಲಸಕ್ಕೆ ಹೋದಳು. ಊರಾಚೆ ಇದ್ದ ತಂದೆ ಫೋನ್ ಮಾಡಿ, "ನಮ್ಮ ಮನೇಲಿ ಜ್ವರಕ್ಕೆ ಯಾರೂ ರಜಾ ಹಾಕಿಲ್ಲ, ಎದ್ದು ಹೋಗು" ಎಂದ. ಹುಡುಗ ಎದ್ದು ಹೋದ. ಕಣಜದೊಳಗೆ ಜೋಳ ಕುಸಿದು ಅವನನ್ನು ಮುಚ್ಚಿತು. ನಾಲ್ಕು ಗಂಟೆ ಬಿಟ್ಟು ಹೊರಗೆ ತೆಗೆದಾಗ ಅವನ ಒಂದು ಕಾಲಿನಲ್ಲಿ ಬೂಟಿರಲಿಲ್ಲ, ಕೈಗಡಿಯಾರ ಮಾತ್ರ ಸರಿಯಾದ ಸಮಯ ತೋರಿಸುತ್ತಿತ್ತು.

ಸಾಲುಗಟ್ಟಿದ ಏಟು ಇದರಲ್ಲಿ ಒಂದೂ ಇರಲಿಲ್ಲ. ಇರುವುದಾದರೂ ಹೇಗೆ? ಕಥೆಯ ಆ ಅಣ್ಣ ಮೆರ್ಲ್‌ನ ಮಗ ಕರ್ಟ್. ಹನ್ನೊಂದು ವರ್ಷದ ಹಿಂದೆ ಸತ್ತವನು. ಆ ಫೋನ್ ಮಾಡಿದ ತಂದೆ ಮೆರ್ಲ್. ಆರ್ಲೀನ್‌ಗೆ ಅದನ್ನು ಅವನು ಇವತ್ತಿಗೂ ಹೇಳಿಲ್ಲ. ಮಲಗಿರು ಎಂದಿದ್ದೆನಲ್ಲ, ಯಾಕೆ ಎದ್ದು ಹೋದ ಎಂದು ಮಣ್ಣು ಮಾಡಿದ ದಿನ ಅವಳು ಎಲ್ಲರನ್ನೂ ಕೇಳಿದ್ದಳು. ಮೆರ್ಲ್ ಬಾಯಿ ಬಿಡಲಿಲ್ಲ. ಬಿಟ್ಟದ್ದು ಒಮ್ಮೆ ಮಾತ್ರ, ಲಾನಿಯ ಟ್ರಕ್ಕಿನಲ್ಲಿ ಕೂತು, ಮೂಗು ಸುರಿಸಿಕೊಂಡು ಅಳುತ್ತಾ.

ಮೆರ್ಲ್ ಎದ್ದು ನೆಟ್ಟಗೆ ಲಾನಿಯ ಮನೆಗೆ ನಡೆದ.

ಲಾನಿ ಕಾರ್ ಶೆಡ್ಡಿನಲ್ಲಿ ಕೂತು ಮೀನು ಹಸನು ಮಾಡುತ್ತಿದ್ದ. ದೊಡ್ಡ ಮೀಸೆ ಮೀನೊಂದರ ತಲೆಯನ್ನು ಹಲಗೆಗೆ ಮೊಳೆ ಹೊಡೆದು ಸಿಕ್ಕಿಸಿ, ಇಕ್ಕಳದಿಂದ ಚರ್ಮ ಎಳೆಯುತ್ತಿದ್ದ. ನೊಣ ಮುತ್ತಿದ್ದವು.

"ಓದಿದ್ಯೇನೋ? ಹೆಂಗಿದೆ?" ಎಂದು ತಲೆ ಎತ್ತಿ ನಕ್ಕ.

"ನಾಚಿಕೆ ಆಗಲ್ವೇನೋ ನಿಂಗೆ? ನನ್ನ ಮಗನ್ನ ಐದು ಅಂಕಕ್ಕೆ ಮಾರ್ಕೊಂಡ್ಯಲ್ಲೋ!"

"ಯಾರು ಮಾರಿದ್ದು? ಹೆಸರು ಹಾಕಿದೀನಾ? ಊರೂ ಬದಲಾಯ್ಸಿದೀನಿ. ಕ್ಯಾನ್ಸಸ್ ಅಂತ ಇದೆ, ನೋಡ್ಲಿಲ್ವಾ?"

"ಕ್ಯಾನ್ಸಸ್ ಅಂತೆ! ಅದು ನಾನು ನಿನ್ನ ಮುಂದೆ ಅತ್ತು ಹೇಳಿದ್ದು ಕಣೋ, ಹಂದಿ."

"ಗೊತ್ತಿರೋದನ್ನ ಬರೀರಿ ಅಂತ ಅಪ್ಪಣೆ ಮಾಡಿದ್ದು ಯಾರು? ನೀನೇ ತಾನೆ?" ಲಾನಿ ಇಕ್ಕಳ ಆಡಿಸಿದ. "ನಂಗೇನಪ್ಪ ಗೊತ್ತಿದೆ? ನಲವತ್ತು ವರ್ಷ ಟ್ರಾಕ್ಟರ್ ಟೈರ್ ಮಾರಿದೆ, ಮೀನು ಹಿಡಿದೆ. ನಮ್ಮಮ್ಮ ತೊಂಬತ್ತೊಂದಕ್ಕೂ ಗಟ್ಟಿಯಾಗಿ ಕೂತವಳೆ, ಬಿಯರ್ ಬೇರೆ ಕುಡೀತಾಳೆ. ನಂಗೆ ಗೊತ್ತಿರೋ ದುಃಖ ಅಂದ್ರೆ ನಿಂದೊಂದೇ ಕಣೋ."

"ಭಾನುವಾರ ಆರ್ಲೀನ್ ಓದ್ತಾಳೆ."

ಲಾನಿಯ ಕೈ ನಿಂತಿತು. "ಓದ್ಲಿ. ಅವಳಿಗೆ ಗೊತ್ತಿರೋದೇ ಅಲ್ವಾ?" ಮೆರ್ಲ್ ಹಲಗೆಯ ಮೊಳೆ ನೋಡತೊಡಗಿದ. "ಹೇಳಿಲ್ವೇನೋ? ಹನ್ನೊಂದು ವರ್ಷ! ಪಕ್ಕದಲ್ಲೇ ಮಲಗ್ತೀಯ, ಜೊತೇಲೇ ಉಣ್ತೀಯ, ಹೇಳೇ ಇಲ್ವಾ?" ಲಾನಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮೀನಿನ ಕರುಳು ಮೆತ್ತಿಕೊಂಡ ಕೈಯ ಆ ಮನುಷ್ಯ ತನ್ನನ್ನು ನೋಡಿ ಮುಖ ಸಿಂಡರಿಸಿಕೊಂಡದ್ದು ಮೆರ್ಲ್‌ಗೆ ಸಹಿಸಲಾಗಲಿಲ್ಲ.

"ಅದನ್ನ ತೆಗೆದುಬಿಡು" ಎಂದ.

"ತೆಗೆಯಲ್ಲ. ತೀರ್ಪುಗಾರ ನೀನು. ಧೈರ್ಯ ಇದ್ರೆ ಕಾರಣ ಬರೆದು ವಾಪಸ್ ಕಳ್ಸು."

ನಿಯಮ ಹಾಗೇ ಇತ್ತು. ತೀರ್ಪುಗಾರ ಒಂದು ಸಾಲಿನ ಕಾರಣ ಕೊಟ್ಟು ಕಥೆ ತಿರುಗಿ ಕಳಿಸಬಹುದು, ಬರೆದವನು ಶುಕ್ರವಾರದೊಳಗೆ ತಿದ್ದಬಹುದು. ಮನೆಗೆ ಬಂದ ಮೆರ್ಲ್ ಏನೇನೋ ಬರೆದ, ಅಳಿಸಿದ. ಸುಳ್ಳು ಎಂದು ಬರೆಯಲು ಬೆರಳು ಏಳಲಿಲ್ಲ. ಕೊನೆಗೆ ಬರೆದದ್ದು ಇಷ್ಟು: "ತಂದೆಯ ಭಾಗ ನಂಬುವ ಹಾಗಿಲ್ಲ. ಜ್ವರ ಬಂದ ಮಗನಿಗೆ ಯಾವ ತಂದೆಯೂ ಹಾಗೆ ಹೇಳುವುದಿಲ್ಲ."

ಶುಕ್ರವಾರ ಮಧ್ಯಾಹ್ನ ಕಥೆ ತಿರುಗಿ ಬಂತು. ಮೇಲೆ ಲಾನಿಯ ಒಂದು ಸಾಲು: "ನಿಂಗೆ ಬೇಕಾದ ಹಾಗೆ ಮಾಡಿದೀನಿ, ಈಗ ಐದು ಒತ್ತು." ಬೂಟು, ಗಡಿಯಾರ, ತಾಯಿಯ ಅಡುಗೆ ಕೆಲಸ, ಎಲ್ಲ ಹಾಗೇ ಇತ್ತು. ಬದಲಾದದ್ದು ಫೋನ್ ಮಾತ್ರ. ಈಗ ತಂದೆ, "ಏಳಬೇಡ ಮಗನೇ, ಗೋದಾಮಿನವರಿಗೆ ನಾನೇ ಹೇಳ್ತೀನಿ, ನಿನಗಿಂತ ಹೆಚ್ಚಿನದು ನನಗೆ ಯಾವುದೂ ಇಲ್ಲ" ಎನ್ನುತ್ತಿದ್ದ. ಗೆಳೆಯರಿಗೆ ಕೆಲಸ ಹೆಚ್ಚಾದೀತೆಂದು ಹುಡುಗ ತಂದೆಯ ಮಾತು ಮೀರಿ ಹೋಗುತ್ತಿದ್ದ. ಇಂಥ ಕೊಳಕು ಸುಳ್ಳನ್ನು ಮೆರ್ಲ್ ತನ್ನ ಇಡೀ ಜನ್ಮದಲ್ಲಿ ಓದಿರಲಿಲ್ಲ. ಸತ್ತ ಹುಡುಗನ ತಲೆಗೇ ತಪ್ಪು ಕಟ್ಟಿದ ಸುಳ್ಳು.

ಅದಕ್ಕೆ ಐದು ಅಂಕ ಕೊಟ್ಟ. ಆಮೇಲೆ ಕೈ ತೊಳೆದುಕೊಂಡ, ಸೋಪು ಹಾಕಿ ಇನ್ನೊಮ್ಮೆ ತೊಳೆದುಕೊಂಡ.

ಭಾನುವಾರ ಆರ್ಲೀನ್ ಕನ್ನಡಕ ಹಾಕಿಕೊಂಡು ಮೇಜಿನ ಆಚೆ ಕೂತಳು. ಚೆಂಡು ತಾಗಿ ಸತ್ತ ತಾಯಿಯ ಕಥೆಗೆ "ಅಯ್ಯೋ ಕರ್ಮ" ಎಂದು ಗಟ್ಟಿಯಾಗಿ ನಕ್ಕಳು. ಮೆರ್ಲ್ ಪೇಪರ್ ಹಿಡಿದು ಕೂತಿದ್ದ, ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ. ನಲವತ್ತನಾಲ್ಕನೆಯದಕ್ಕೆ ಬಂದಾಗ ಅವಳು ಕೈಯಲ್ಲಿದ್ದ ಕೊಲಾಚೆ ತಟ್ಟೆಗೆ ಹಾಕಿದಳು.

"ಇದು ಕರ್ಟ್" ಎಂದಳು.

"ಲಾನಿ ಬರೆದಿದ್ದು. ಬೈದೆ ನಾನು."

"ಬೈಬೇಡ." ಅವಳು ಕನ್ನಡಕ ತೆಗೆದಳು. "ಲಾನಿಗೆ ನೀನು ಹೇಳಿದ್ಯಾ ಇದನ್ನ? ಫೋನ್ ಮಾಡಿದ್ದನ್ನ?"

ಮೆರ್ಲ್ ಪೇಪರ್ ಮಡಿಸಿದ.

"ನೀನು ಫೋನ್ ಮಾಡಿದ್ದು ನಂಗೆ ಗೊತ್ತು. ಅವನ ಫೋನು ತಂದುಕೊಟ್ರಲ್ಲ, ಅದರಲ್ಲಿತ್ತು. ಏಳೂ ನಲವತ್ತಕ್ಕೆ, ನಾಲ್ಕು ನಿಮಿಷ. ಏನು ಹೇಳಿದ್ಯೋ ಅಂತ ಕೇಳೋಕೆ ಹೆದರಿಕೆ. ನೀನೇ ಎಬ್ಬಿಸಿ ಕಳಿಸಿರ್ತೀಯ ಅಂದ್ಕೊಂಡುಬಿಟ್ಟಿದ್ದೆ ಮೆರ್ಲ್. ಹನ್ನೊಂದು ವರ್ಷ ಹಾಗೇ ಅಂದ್ಕೊಂಡೆ. ಒಂದೊಂದ್ಸಲ ನೀನು ಊಟ ಮಾಡೋದು ನೋಡಿದ್ರೂ ಅಸಹ್ಯ ಆಗ್ತಿತ್ತು. ಎದ್ದು ಹೋಗಿ ಹಿತ್ತಲಲ್ಲಿ ನಿಂತ್ಕೋತಿದ್ದೆ." ಅವಳು ಕನ್ನಡಕ ಮೇಜಿನ ಮೇಲಿಟ್ಟಳು. "ನೀನು ಬೇಡ ಅಂದಿದ್ದೆ ಅಲ್ವಾ? ಹೋಗ್ಬೇಡ ಅಂದಿದ್ದೆ?"

ಹೇಳುವುದಿದ್ದರೆ ಈಗಲೇ ಹೇಳಬೇಕಿತ್ತು. ಬಾಯಿ ತೆರೆದ ಕೂಡ.

"ಹೂಂ" ಎಂದ.

ಆರ್ಲೀನ್ ಎದ್ದು ಬಂದು ಅವನ ತಲೆಯನ್ನು ಎದೆಗೆ ಅವಚಿಕೊಂಡಳು. ಎಷ್ಟೋ ವರ್ಷದಿಂದ ಹೀಗೆ ಮುಟ್ಟಿದವಳಲ್ಲ. "ಕ್ಷಮಿಸು" ಎಂದಳು, "ಕ್ಷಮಿಸಿಬಿಡು ಕಣೋ ನನ್ನ, ಎಂಥ ಕೆಟ್ಟ ಹೆಂಗಸು ನಾನು" ಎಂದು ಅದನ್ನೇ ಮತ್ತೆ ಮತ್ತೆ ಹೇಳಿ ಅತ್ತಳು. ಅವನು ಏನಾದರೂ ಹೇಳುವವರೆಗೆ ಅವಳು ಬಿಡುವ ಹಾಗೆ ಕಾಣಲಿಲ್ಲ.

"ಇರ್ಲಿ ಬಿಡು" ಎಂದ ಮೆರ್ಲ್. "ಕ್ಷಮಿಸಿದೀನಿ."