ಬೆನ್ನುನೋವು

"ಏಳೇ ಹುಚ್ಚುಮುಂಡೆ! ಮಿಷನ್ ಮುಂದೆ ಕುಂತ್ಕಂಡು ಗೋಡೆ ನೋಡು ಅಂತ ನಿನ್ನ ಕೆಲ್ಸಕ್ಕಿಟ್ಟಿದೀನಾ?"

ಜಮ್ನಾದಾಸ್ ಶೇಠ್ ಹಾಗೆ ಕೂಗಿದಾಗ ಜೀವಿಯ ಕಾಲು ಪೆಡಲ್ ಮೇಲೇ ಇತ್ತು. ಒತ್ತಬೇಕು ಎಂದು ಅವಳಿಗೂ ಗೊತ್ತಿತ್ತು. ಕಾಲು ಒತ್ತುತ್ತಿರಲಿಲ್ಲ. ಮಡಿಲಲ್ಲಿ ಅಂಗಿಯ ತೋಳುಗಳು ಗುಡ್ಡೆ ಬಿದ್ದಿದ್ದವು. ಹೊಲಿಗೆಯ ಸದ್ದು ಒಂದೊಂದೇ ಮಿಷನ್‌ನಲ್ಲಿ ನಿಂತು, ಇಡೀ ಮಹಡಿ ಅವಳತ್ತ ತಿರುಗಿತು.

"ಶೇಠ್, ಕೈಕಾಲು ಆಡ್ತಿಲ್ಲ. ರಾತ್ರಿ ಕಣ್ಣು ಮುಚ್ಚಲ್ಲ..."

"ಕೂಲಿ ಕೇಳೋವಾಗ ಚೆನ್ನಾಗಿ ಆಡ್ತವಲ್ಲ! ನಾಟಕ ಆಡ್ತೀಯಾ ಲೌಡಿ?"

ಪಕ್ಕದ ಮಿಷನ್ ಖಾಲಿ ಇತ್ತು. ಅದು ರಂಭಾಳದು. ಅವಳೂ ಜೀವಿಯ ಹಾಗೆಯೇ ಗುಜರಾತಿನ ಪಕ್ಕದ ದೀವ್‌ನಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದವಳು. ದೀಪಾವಳಿ ಕಳೆದ ಮೇಲೆ ಇಲ್ಲಿನ ಕಾಲುವೆಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಮಂಜುಗಡ್ಡೆ ಮೇಲೆ ಕಾಲು ಜಾರಿತು ಎಂದು ಶೇಠ್ ಹೇಳಿದ, ದೇವಸ್ಥಾನದಲ್ಲೂ ಹಾಗೇ ಹೇಳಿದರು, ರಂಭಾಳ ಗಂಡನೂ ಅದನ್ನೇ ಹೇಳಿದ. ಆದರೆ ಆ ವಾರ ಮಂಜು ಬಿದ್ದೇ ಇರಲಿಲ್ಲ. "ಮಂಜುಗಡ್ಡೆ ಎಲ್ಲಿತ್ತು?" ಎಂದು ಜೀವಿ ಒಮ್ಮೆ ಊಟದ ಹೊತ್ತಿನಲ್ಲಿ ಕೇಳಿಬಿಟ್ಟಿದ್ದಳು. ಅಂದಿನಿಂದ ಅವಳ ಪಕ್ಕ ಕೂತು ಯಾರೂ ಡಬ್ಬಿ ಬಿಚ್ಚುತ್ತಿರಲಿಲ್ಲ. ಅವಳು ಬಚ್ಚಲಿಗೆ ಹೋದರೆ ಒಳಗಿನ ಮಾತು ನಿಲ್ಲುತ್ತಿತ್ತು.

ಮನೆಯಲ್ಲೂ ಹಾಗೇ. ಅದೇ ಫ್ಯಾಕ್ಟರಿಯಲ್ಲಿ ಇಸ್ತ್ರಿ ಮಾಡುವ ಗಂಡ ಲಖ್ಮನ್ ಈಗೀಗ ಅವಳು ಕೊಟ್ಟ ಚಹಾ ಮೂಸಿ ನೋಡಿ ಕುಡಿಯುತ್ತಿದ್ದ. ತಲೆ ಕೆಟ್ಟ ಹೆಂಗಸರು ಏನು ಬೇಕಾದರೂ ಬೆರೆಸುತ್ತಾರೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಅವನು ತಂದುಕೊಟ್ಟ ನೀರನ್ನು ಜೀವಿ ಬೆಳಕಿಗೆ ಹಿಡಿಯುತ್ತಿದ್ದಳು. ಲೋಟದ ತಳದಲ್ಲಿ ಬೂದಿ ಕಾಣುತ್ತಿತ್ತು.

"ಏನ್ ಹಾಕಿದೀಯ ಇದ್ಕೆ?"

"ಮಾತಾಜಿ ಪ್ರಸಾದ. ಕುಡಿ."

"ಡಾಕ್ಟ್ರ ಹತ್ರ ಕರ್ಕೊಂಡೋಗು ಅಂದೆ."

"ನಂಗೇನು ಇಂಗ್ಲಿಷ್ ಬರುತ್ತಾ? ಮಾತು ತಿರುಗಿಸಿ ಹೇಳೋರು ಒಬ್ರು ಬೇಕು."

ಕೊನೆಗೂ ಜೀವಿ ಹೋದಾಗ ಡಾಕ್ಟರರ ಕಡೆಯವರೇ ಗುಜರಾತಿ ಬಲ್ಲ ದುಭಾಷಿಯೊಬ್ಬರನ್ನು ಕರೆಸಿದರು. ಬಾಗಿಲು ತಳ್ಳಿ ಒಳಗೆ ಬಂದದ್ದು ಹಂಸಾಬೆನ್, ಶೇಠನ ಹೆಂಡತಿಯ ತಂಗಿ. ದೇವಸ್ಥಾನದಲ್ಲಿ ಭಜನೆ ಹೇಳಿಸುವವಳು.

"ಅಯ್ಯೋ, ನೀನಾ ಜೀವಿ! ನಮ್ಮೋಳೇ ಅಲ್ವಾ. ಬಿಚ್ಚಿ ಹೇಳ್ಕೊ, ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ."

ಜೀವಿ ಅವಳನ್ನು ನೋಡಲಿಲ್ಲ. ಬಿಳಿಯ ಡಾಕ್ಟರಮ್ಮನ ಮುಖವನ್ನೇ ನೋಡುತ್ತ ಹೇಳಿದಳು: "ನಂಗೆ ಬದುಕೋದು ಬೇಡ ಅನ್ಸುತ್ತೆ. ಕೆಲ್ಸಕ್ಕೆ ಹೋಗ್ತಾ ಕಾಲುವೆ ಸೇತುವೆ ಮೇಲೆ ನಿಂತ್ಬಿಡ್ತೀನಿ. ನೀರು ಕರ್ದಂಗಾಗುತ್ತೆ. ಯಾವತ್ತೋ ಒಂದಿನ ಇಳಿದುಬಿಡ್ತೀನಿ ಅಂತ ಹೆದ್ರಿಕೆ."

ಹಂಸಾಬೆನ್ ನಗುನಗುತ್ತ ಡಾಕ್ಟರಮ್ಮನಿಗೆ ಏನೋ ಚುಟುಕಾಗಿ ಹೇಳಿದಳು. ಅಷ್ಟು ದೊಡ್ಡ ಮಾತು ಇಷ್ಟಕ್ಕೆ ಹೇಗೆ ಮುಗಿಯಿತು? ಜೀವಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಫ್ಯಾಕ್ಟರಿಯ ಬಟ್ಟೆಕಟ್ಟುಗಳ ಮೇಲೆ ಬರೆದಿರುತ್ತಿದ್ದ ಫ್ರಂಟ್, ಬ್ಯಾಕ್, ಸ್ಲೀವ್ ಅವಳಿಗೆ ಗೊತ್ತಿದ್ದವು. ಹಂಸಾಬೆನ್ ಬಾಯಲ್ಲಿ ಅವಳಿಗೆ ಕೇಳಿಸಿದ್ದು ಬ್ಯಾಕ್, ಅಂದರೆ ಬೆನ್ನು.

"ನೋ ಬ್ಯಾಕ್!" ಎಂದು ಜೀವಿ ಎದ್ದುನಿಂತಳು. ಎದೆ ಮುಟ್ಟಿದಳು, ತಲೆ ಬಡಿದುಕೊಂಡಳು. "ನೋ ಬ್ಯಾಕ್, ನೋ ಬ್ಯಾಕ್!"

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿದಳು. ಹಂಸಾಬೆನ್ ಮೆಲ್ಲಗೆ ಇನ್ನೇನೋ ಹೇಳಿ, ಜೀವಿಯ ಭುಜ ಒತ್ತಿ ಕೂರಿಸಿದಳು. ಹೊರಗೆ ರೋಗಿಗಳು ಕಾಯುತ್ತಿದ್ದರು. ಬೆನ್ನಿಗೆ ಹಚ್ಚುವ ಮುಲಾಮು ಸಿಕ್ಕಿತು.

ಹೊರಬರುತ್ತಲೇ ಹಂಸಾಬೆನ್ ರಟ್ಟೆ ಹಿಡಿದಳು. "ನಾಲಿಗೆ ಮೇಲೆ ಹಿಡಿತ ಇರ್ಲಿ ಕಣೇ. ಬಿಳಿಯೋರು ನಿನ್ನ ಹುಚ್ಚಿ ಅಂತ ಬರ್ಕೊಂಡ್ರೆ ಊರಲ್ಲಿರೋ ನಿನ್ನ ಮಗಳನ್ನ ಯಾವನು ಕಟ್ಕೋತಾನೆ? ಎಷ್ಟೊತ್ತು ದುಡಿಸ್ತಾರೆ ಅಂತ ಕೇಳ್ತಾರೆ, ಫ್ಯಾಕ್ಟರಿಗೆ ಬೀಗ ಜಡೀತಾರೆ. ಎಲ್ಲರ ಒಲೆ ಆರಿಸ್ತೀಯಾ?"

ಭಾನುವಾರ ಮಧ್ಯಾಹ್ನ ಲಖ್ಮನ್, ಶೇಠನ ಮನೆಯಲ್ಲಿ ಪೂಜೆ ಇದೆ ಎಂದು ಅವಳನ್ನು ಕರೆದೊಯ್ದ. ಪೂಜೆ ಗ್ಯಾರೇಜಿನಲ್ಲಿತ್ತು. ಕಾರು ಹೊರಗೆ ನಿಂತಿತ್ತು. ಶೇಠ್, ಹಂಸಾಬೆನ್, ಫ್ಯಾಕ್ಟರಿಯ ಹೆಂಗಸರೆಲ್ಲ ಚಾಪೆಯ ಮೇಲೆ ಕೂತಿದ್ದರು, ಯಾರೂ ಅವಳ ಕಣ್ಣು ನೋಡಲಿಲ್ಲ. ಹೊಗೆಗೆ ಕಿರುಚದಿರಲೆಂದು ಚಾವಣಿಯಲ್ಲಿದ್ದ ಬೆಂಕಿ ಎಚ್ಚರಿಕೆಯ ಗಂಟೆಗೆ ಒದ್ದೆ ಬಟ್ಟೆ ಸುತ್ತಿದ್ದರು. ಅದನ್ನು ನೋಡಿದಾಗಲೇ ಇದು ಪೂಜೆಯಲ್ಲ ಎಂದು ಜೀವಿಗೆ ಅರ್ಥವಾಯಿತು. ಹಿಂದಕ್ಕೆ ತಿರುಗಿದಳು. ಲಖ್ಮನ್ ಬಾಗಿಲಿಗೆ ಅಡ್ಡ ನಿಂತಿದ್ದ.

ದೆವ್ವ ಬಿಡಿಸುವ ಭುವಾ ಒಬ್ಬನನ್ನು ರಾಜಕೋಟದ ಕಡೆಯಿಂದ ಕರೆಸಿದ್ದರು. ಅವನು ಚಳಿಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿದ್ದ. ಕೆಂಡದ ಮೇಲೆ ಒಣಮೆಣಸಿನಕಾಯಿ ಸುರಿದು ಅವಳ ಜಡೆ ಹಿಡಿದು ಹೊಗೆಗೆ ಬಗ್ಗಿಸಿದ.

"ಬೊಗಳು! ಯಾರು ನೀನು? ಯಾರ ಮನೆಯವಳು?"

ಅವನ ಕೈಯಲ್ಲಿದ್ದ ಕಬ್ಬಿಣದ ಸರಪಳಿ ಅವಳ ಬೆನ್ನಿನ ಮೇಲೆ ಬಿತ್ತು.

"ಈಗ ನೋಡಿ ಹಂಸಾಬೆನ್," ಜೀವಿ ಕೆಮ್ಮುತ್ತ ಹೇಳಿದಳು, "ಈಗ ಬೆನ್ನು ನೋಯ್ತಿದೆ."

ಹೆಂಗಸರಲ್ಲಿ ಒಬ್ಬಳು ಪಿಸುಗುಟ್ಟಿದಳು: "ರಂಭಾನೇ ಬಂದಿರೋದು. ಇಬ್ರೂ ಒಟ್ಟಿಗೆ ಕೂರ್ತಿರ್ಲಿಲ್ವಾ."

ಭುವಾ ಅದನ್ನು ಹಿಡಿದುಕೊಂಡ. "ರಂಭಾ! ಒಪ್ಕೋ, ನಾನು ರಂಭಾ ಅನ್ನು! ತೆಂಗಿನಕಾಯಲ್ಲಿ ಕಟ್ಟಿ ನೀರಿಗೆ ಬಿಡ್ತೀನಿ, ನಿನ್ನ ದಾರಿ ನೀನು ಹಿಡಿ!"

ಹೌದು ಎಂದರೆ ಸಾಕಿತ್ತು. ಹೊಡೆತ ನಿಲ್ಲುತ್ತಿತ್ತು. ದೆವ್ವದ ಮಾತಿಗೆ ಎಲ್ಲರೂ ಕೈಮುಗಿದು ಕಿವಿಗೊಡುತ್ತಾರೆ, ಜೀವಿಯ ಮಾತಿಗೆ ಯಾರು ಕೊಡುತ್ತಾರೆ? ಆದರೆ ರಂಭಾಳನ್ನು ಮತ್ತೆ ಅದೇ ಕಾಲುವೆಗೆ ಎಸೆಯುತ್ತಾರೆ.

"ರಂಭಾ ಸತ್ತೋದ್ಲು," ಎಂದಳು. "ನಾನು ಜೀವಿ. ಮೈಮೇಲೆ ಯಾವ ಸೂಳೇಮಗನ್ ದೆವ್ವಾನೂ ಬಂದಿಲ್ಲ. ರಂಭಾ ಜಾರಿ ಬೀಳ್ಲಿಲ್ಲ, ತಾನೇ ಇಳಿದ್ಲು. ತಲೆಗೆ ಕಾಯ್ಲೆ ಆಗಿತ್ತು ಅವಳಿಗೆ. ನಂಗೂ ಆಗಿದೆ. ಲೇ ಶೇಠ್, ಕತ್ತಲಲ್ಲಿ ಒಳಗೆ ಕೂಡಿ ಕತ್ತಲಲ್ಲೇ ಆಚೆ ಬಿಡ್ತೀಯ, ಉಚ್ಚೆಗೆ ಎದ್ರೆ ಬೈತೀಯ, ಹಿಂಬಾಗಿಲಿಗೆ ಬೀಗ ಹಾಕ್ತೀಯ. ಇಲ್ಲಿ ಕೂತಿರೋರಲ್ಲಿ ಇನ್ನೆಷ್ಟು ಜನಕ್ಕೆ ರಾತ್ರಿ ನಿದ್ದೆ ಬರಲ್ಲ, ಕೇಳು!"

ಪಿಸುಗುಟ್ಟಿದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳುವೋ, ಹೊಗೆಯೋ.

"ಹೊಡಿ ಭುವಾ! ಏನು ನೋಡ್ತಾ ನಿಂತೆ?" ಶೇಠ್ ಅರಚಿದ.

ಮತ್ತೆ ಇಳಿದ ಸರಪಳಿಯನ್ನು ಜೀವಿ ಎರಡೂ ಕೈಯಲ್ಲಿ ಹಿಡಿದು ಎಳೆದಳು. ಭುವಾ ಕೆಂಡದ ಮೇಲೆ ಬೀಳುವುದನ್ನು ಹೇಗೋ ತಪ್ಪಿಸಿಕೊಂಡು, ಕೈಬಿಟ್ಟ. ಸರಪಳಿ ಹಿಡಿದುಕೊಂಡೇ ಅವಳು ಬಾಗಿಲಿಗೆ ನಡೆದಳು. ಲಖ್ಮನ್ ಅವಳ ಮುಖ ನೋಡಿದ, ಸರಪಳಿ ನೋಡಿದ, ಪಕ್ಕಕ್ಕೆ ಸರಿದ.

ಅಲ್ಲಿಂದ ನೇರ ಅವಳು ನಡೆದು ಹೋದ ದೊಡ್ಡಾಸ್ಪತ್ರೆಗೆ ಭಾನುವಾರದ ರಜೆ ಎಂಬುದಿರಲಿಲ್ಲ. ಗಾಜಿನ ಹಿಂದೆ ಕೂತಿದ್ದ ಹುಡುಗಿ ಅವಳ ಬರಿಗಾಲು ನೋಡಿದಳು, ಕೈಯಲ್ಲಿದ್ದುದನ್ನು ನೋಡಿ ಕುರ್ಚಿ ಹಿಂದಕ್ಕೆ ಸರಿಸಿದಳು. ಜೀವಿ ಸರಪಳಿಯನ್ನು ನೆಲಕ್ಕಿಟ್ಟು ಹೆಸರು ಹೇಳಿದಳು. ತಲೆಯ ಮೇಲೆ ಕೈಯಿಟ್ಟು ತೋರಿಸಿದಳು. ಹುಡುಗಿ ಕಂಪ್ಯೂಟರ್ ಪರದೆ ನೋಡಿ, ಫೋನ್ ಎತ್ತಿ, "ಗುಜರಾತಿ?" ಎಂದಳು.

"ನೋ," ಎಂದಳು ಜೀವಿ. "ನೋ ಗುಜರಾತಿ."

ಹೌದೆಂದರೆ ಬಾಗಿಲು ತಳ್ಳಿ ಬರುವುದು ಮತ್ತೆ ಹಂಸಾಬೆನ್. ಹುಡುಗಿಗೆ ಅರ್ಥವಾಗಲಿಲ್ಲ. ಕೂರು ಎಂದು ಬೆಂಚು ತೋರಿಸಿದಳು. ಜೀವಿ ಬೆನ್ನು ಗೋಡೆಗೆ ತಾಗದಂತೆ, ಬಾಗಿಲಿಗೆ ಮುಖ ಮಾಡಿ ಕೂತಳು. ಬಾಗಿಲ ಗಾಜಿನ ಆಚೆ ಲಖ್ಮನ್ ನಿಂತಿದ್ದ. ಕೈಯಲ್ಲಿ ಅವಳ ಚಪ್ಪಲಿ, ಕಿವಿಯಲ್ಲಿ ಫೋನ್. ಅವಳನ್ನೇ ನೋಡುತ್ತ ತಲೆಯಾಡಿಸುತ್ತಿದ್ದ. ತುಟಿ ಆಡುವುದು ಕಾಣುತ್ತಿತ್ತು, ಯಾರ ಜೊತೆ ಮಾತಾಡುತ್ತಿದ್ದಾನೆ ಎಂದು ತಿಳಿಯುತ್ತಿರಲಿಲ್ಲ.